ಹಾಲಿನ ಕ್ಯಾನಿನೊಳಗೆ ಮೇಕೆಮರಿಯ ತಲೆ

ನಾನು ಚಿಕ್ಕವನಿದ್ದಾಗ, ಒಂದು ಆಯುಧಪೂಜೆಯ ಮಧ್ಯಾಹ್ನ, ನಮ್ಮ ಮೇಕೆಮರಿ ಹಾಲಿನ ಕ್ಯಾನಿಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿತು. ಮರಿ ಕಪ್ಪಗಿತ್ತು. ಅಕ್ಕ ಇವತ್ತಿಗೂ ಬಿಳಿ ಎನ್ನುತ್ತಾಳೆ. ನೆನಪನ್ನು ಅಷ್ಟೊಂದು ನಂಬಬೇಡಿ ಮಕ್ಕಳೇ. ಬಣ್ಣ ನಿಮಗೆ ಬೇಕಾದ್ದು ಹಚ್ಚಿಕೊಳ್ಳಿ, ತಲೆ ಒಳಗಿದ್ದದ್ದು ಮಾತ್ರ ನಿಜ.

ಮೇಲೂರಿನ ಮನೆಯ ಹಿತ್ತಲಿನಲ್ಲಿ ಅಪ್ಪನದೊಂದು ತಗಡಿನ ಶೆಡ್ಡಿತ್ತು. ರೇಷ್ಮೆ ಬಿಚ್ಚುವ ಚರಕಗಳ ರಿಪೇರಿ ಅಲ್ಲೇ ನಡೆಯುತ್ತಿತ್ತು. ಸೀಮೆಎಣ್ಣೆ, ತುಕ್ಕು, ಬೇಯಿಸಿದ ಗೂಡಿನ ವಾಸನೆ. ಆವತ್ತು ಉಪಕರಣಗಳೆಲ್ಲ ಒಂದು ಹಲಗೆಯ ಮೇಲೆ ಕುಂಕುಮ, ಚೆಂಡುಹೂ ಇಟ್ಟುಕೊಂಡು ಕೂತಿದ್ದವು. ಮರುದಿನ ಬೆಳಿಗ್ಗೆ ಆರತಿ ಮಾಡಿ ಪೂಜೆ ಕದಲಿಸುವವರೆಗೂ ಅವನ್ನು ಯಾರೂ ಮುಟ್ಟುವಂತಿಲ್ಲ ಎಂಬುದು ಅಜ್ಜಿಯ ಕಟ್ಟಪ್ಪಣೆ.

ಮರಿಯ ಕೂಗು ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಕುರುಡಾಗಿ ಓಡಿ ಗೋಡೆಗೆ ಡಿಕ್ಕಿ ಹೊಡೆಯಿತು. ಕುತ್ತಿಗೆಗೆ ಹರಳೆಣ್ಣೆ ಸವರಿ ಎಳೆದೆವು. ಒಳಗೆ ಹೋಗುವಾಗ ಮಲಗಿದ್ದ ಕಿವಿಗಳು ಹೊರಗೆ ಬರುವಾಗ ಮಡಚಿಕೊಂಡು ಅಡ್ಡ ನಿಂತವು. ಆಮೇಲೆ ಮರಿ ಓಡುವುದನ್ನು ಬಿಟ್ಟು ಮಲಗಿತು. ಕ್ಯಾನಿನೊಳಗೆ ಉಸಿರು ಗೊರಗೊರ ಎನ್ನುತ್ತಿತ್ತು.

ಅಪ್ಪ ಹಲಗೆಯ ಮುಂದೆ ನಿಂತು ಯೋಚಿಸುತ್ತಿದ್ದ. ಉಳಿ ಇಟ್ಟು ಬಡಿದರೆ ಕ್ಯಾನು ಗಂಟೆಯಂತೆ ಮೊಳಗಿ ಮರಿಯ ಎದೆಯೇ ಒಡೆಯುತ್ತದೆ ಎಂದ. ತಗಡು ಕತ್ತರಿ ಬಾಯಿಯ ದಪ್ಪ ಅಂಚನ್ನು ಕಚ್ಚುವುದಿಲ್ಲ ಎಂದ. ಸಣ್ಣ ಹಲ್ಲಿನ ಗರಗಸವಾದರೆ ಅಲ್ಯೂಮಿನಿಯಂ ಪುಡಿ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ ಎಂದ. ಒಂದೊಂದು ಮಾತೂ ಸರಿಯೇ. ಸರಿಯಾದ ಮಾತು ಇಷ್ಟು ಸಿಟ್ಟು ಬರಿಸಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ದೊಡ್ಡ ಹಲ್ಲಿನ ಗರಗಸಕ್ಕೆ ಕೈ ಚಾಚಿದ.

"ಪೂಜೆ ಕದಲಿಸ್ದೆ ಮುಟ್ಬೇಡ ಕಣಪ್ಪ. ಬೆಳಿಗ್ಗೆವರ್ಗೂ ತಡ್ಕೋ," ಎಂದಳು ಅಜ್ಜಿ.

"ತಡ್ಕೋಬೇಕಾಗಿರೋದು ಅಪ್ಪ ಅಲ್ಲ ಕಣಜ್ಜಿ, ಮರಿ," ಎಂದಳು ಅಕ್ಕ.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಯೋಚನೆ! ಅಕ್ಕ ಒಳಗೆ ಹೋಗಿ ಕರ್ಪೂರ ತಂದು ಹಚ್ಚಿದಳು, ಆರತಿ ಎತ್ತಿದಳು, ಹಲಗೆಯನ್ನು ಎರಡೂ ಕೈಯಲ್ಲಿ ಒಂದಿಷ್ಟು ಜರುಗಿಸಿದಳು.

"ಕದಲಿಸಾಯ್ತು. ನಾಳೆ ಇವತ್ತೇ ಬಂತು ಅಂದ್ಕೊಳಿ. ತಗೋ ಅಪ್ಪ."

ಅಪ್ಪ ಮರಿಯ ಚರ್ಮಕ್ಕೂ ಕ್ಯಾನಿನ ಅಂಚಿಗೂ ನಡುವೆ ತಗಡಿನ ಪಟ್ಟಿಯೊಂದನ್ನು ತೂರಿಸಿ ಗರಗಸ ತಳ್ಳಿದ. ಅದು ಜಾರಿತು. ಮತ್ತೆ ತಳ್ಳಿದ, ಮತ್ತೆ ಜಾರಿತು. ಗರಗಸದ ಹಲ್ಲುಗಳು ಮುಂದಕ್ಕೆ ಬಾಗಿರುತ್ತವೆ, ತಳ್ಳಿದಾಗ ಕೊಯ್ಯುತ್ತವೆ. ದೇವರಿಗೆ ಹಲ್ಲು ಕಿರಿದಂತೆ ಕಾಣಬಾರದೆಂದು ಅಪ್ಪನೇ ಹಬ್ಬಕ್ಕೆ ಹಲ್ಲು ಹಿಂದಕ್ಕೆ ಬಾಗುವಂತೆ ಬ್ಲೇಡನ್ನು ಹಿಂದುಮುಂದು ಮಾಡಿ ಹಾಕಿದ್ದ! ಉಸಿರಿನ ಸದ್ದು ತೀರಾ ಸಣ್ಣದಾಗಿತ್ತು. ಅಕ್ಕ ಹಲ್ಲು ಕಚ್ಚಿಕೊಂಡು ಕ್ಯಾನು ಹಿಡಿದಿದ್ದಳು. ಅಪ್ಪ ತಿರುಪು ಬಿಚ್ಚಿ, ಬ್ಲೇಡು ತಿರುಗಿಸಿ ಬಿಗಿದು ತಳ್ಳಿದ. ಬೆಳ್ಳಗಿನ ಪುಡಿ ಉದುರಿತು. ಅಂಚು ತುಂಡಾದ ಮೇಲೆ ತಗಡು ಕತ್ತರಿ ಸಲೀಸಾಗಿ ನಡೆಯಿತು.

ಮರಿ ಹೊರಬಂದು ಸೀನಿತು. ಅದರ ಮುಖವನ್ನು ಸೆರಗಿನಿಂದ ಒರೆಸಿದ್ದು ಅಜ್ಜಿ. ಆದರೆ ಆವತ್ತಿಡೀ ಅವಳು ಅಪ್ಪನ ಜೊತೆಯಾಗಲಿ ಅಕ್ಕನ ಜೊತೆಯಾಗಲಿ ಮಾತಾಡಲಿಲ್ಲ.

ಈಗ ಚಿಕ್ಕಬಳ್ಳಾಪುರದ ಈ ಮನೆಯ ಕಾರ್ ಶೆಡ್ಡಿನಲ್ಲಿ ನೀವು ಕ್ರಿಕೆಟ್ ಸ್ಟಂಪಿಗೆ ಸ್ಟ್ಯಾಂಡು ಮಾಡಲು ಹೊರಟಿದ್ದೀರಿ. ಒಂದು ಕಬ್ಬಿಣದ ಸರಳು ತುಂಡಾಗಬೇಕು, ಅಷ್ಟೇ. ನಮ್ಮ ಕ್ಯಾನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸೀಳುವ ಮಷಿನ್ನುಗಳು ನಿಮ್ಮ ಫೋನಿನಲ್ಲಿ ಸಾಲಾಗಿ ನಿಂತಿವೆ. ಇದಕ್ಕೆ ಸ್ಟಾರ್ ಕಡಿಮೆ, ಅದಕ್ಕೆ ವೈರ್ ಗಿಡ್ಡ ಎನ್ನುತ್ತ ಎಷ್ಟೋ ಭಾನುವಾರ ಕಳೆದಿದ್ದೀರಿ. ಸರಳಿಗೇನೂ ಉಸಿರು ಕಟ್ಟುವುದಿಲ್ಲ, ಸರಿ. ನೋಡುತ್ತ ಕೂತ ನನಗೆ ಕಟ್ಟುತ್ತದೆ.