ಸಡಿಲ ಬಿಡಬೇಕಿದ್ದ ಹಗ್ಗ

ಗುಲಾಬಿ ತೋಟಗಳಿಗೆ ಪ್ಲಾಸ್ಟಿಕ್ ಶೀಟು ಹೊದಿಸಿ ಪಾಲಿಹೌಸ್ ಕಟ್ಟುವುದು ನನ್ನ ಕಸುಬು. ನಾನು ಎಳೆದು ಕಟ್ಟಿದ ಶೀಟಿನಲ್ಲಿ ಒಂದು ಸುಕ್ಕು ತೋರಿಸುವವರು ಇನ್ನೂ ಹುಟ್ಟಿಲ್ಲ. ಈ ಜಂಬವೇ ಅವಲಪಲ್ಲಿಯ ಬಯಲಿನಲ್ಲಿ ನನ್ನ ಮಾನ ಕಳೆಯಿತು.

ಅಲ್ಲಿಗೆ ಒಂದು ಹಳೆಯ ಸರ್ಕಸ್ ಬಂದಿತ್ತು. ಚಿಕ್ಕಂದಿನಲ್ಲಿ ಕೆಲಮಂಗಲಕ್ಕೆ ಸರ್ಕಸ್ ಬಂದಾಗ ನನ್ನ ಹೆಂಡತಿ ಮೈತುಂಬ ಅಮ್ಮನ ಗುಳ್ಳೆ ಎದ್ದು ಬೇವಿನಸೊಪ್ಪಿನ ಮೇಲೆ ಮಲಗಿದ್ದಳಂತೆ. ಉಯ್ಯಾಲೆ ಆಟ ತಪ್ಪಿಹೋದ ಕೊರಗು ಇನ್ನೂ ಹೋಗಿರಲಿಲ್ಲ. "ಈ ಸಲ ಇಬ್ರೂ ಜೊತೆಗೆ ಕೂತ್ಕಂಡು ನೋಡಾನ" ಎಂದು ಮಾತು ಕೊಟ್ಟಿದ್ದೆ. ಡೇರೆ ಎತ್ತಲು ಆಳು ಸಾಲದೆ ಊರವರನ್ನು ಕರೆದಾಗ, ಎರಡು ಟಿಕೆಟ್ಟಿನ ಆಸೆಗೆ ನಾನೂ ಹೋದೆ.

ಅಬ್ಬಾ, ಅದೇನು ಡೇರೆ. ಕ್ಯಾನ್ವಾಸಿನ ತುಂಡುಗಳನ್ನು ನೆಲಕ್ಕೆ ಹಾಸಿ, ಹಗ್ಗದಿಂದ ಹೆಣೆದು, ನಡುಗಂಬಗಳ ರಾಟೆಗೆ ಕಟ್ಟಿ ಇಪ್ಪತ್ತು ಜನ ಎಳೆದೆವು. ಆಲಸನತ್ತಂನ ನಮ್ಮ ಬೀದಿ ಪೂರ್ತಿ ಅದರ ಕೆಳಗೆ ಹಿಡಿಸುತ್ತಿತ್ತು. ಆಮೇಲೆ ಅಂಚಿನ ಹಗ್ಗಗಳನ್ನು ಸುತ್ತಲ ಗೂಟಗಳಿಗೆ ಕಟ್ಟುವ ಕೆಲಸ. ತಲೆ ನರೆತ ಡೇರೆ ಮೇಸ್ತ್ರಿ, "ಒಂದು ಗೇಣು ಲೂಸ್ ಇರ್ಲಿ ತಂಬಿ, ನಾರಿನ ಹಗ್ಗ" ಎಂದ. ನನಗೇ ಪಾಠವೇ? ಅವನು ಅತ್ತ ಹೋದದ್ದೇ ತಡ, ನನ್ನ ಪಾಲಿನ ಎಂಟು ಹಗ್ಗಗಳನ್ನೂ ಕಾಲು ಕೊಟ್ಟು ಎಳೆದು ಬಿಗಿದೆ.

ಮಧ್ಯಾಹ್ನ ಒಂದು ಮಳೆ ಬಿತ್ತು. ನೆನೆದ ನಾರು ಕುಗ್ಗುತ್ತದೆಂದು ಪ್ಲಾಸ್ಟಿಕ್ ಹಗ್ಗ ಕಟ್ಟುವ ನನಗೆ ಏನು ಗೊತ್ತು? ನನ್ನ ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಬೇರೆಯವರದು ಒಂದೂ ಅಲ್ಲಾಡಲಿಲ್ಲ. ಮೇಸ್ತ್ರಿ ಬಯ್ಯಲಿಲ್ಲ. ಗೂಟಗಳನ್ನು ಮತ್ತೆ ಹೊಡೆಸಿ, "ಕಟ್ಟಿದೋನೇ ಕಾಯ್ಬೇಕು. ಆಟ ಮುಗಿಯೋವರೆಗೂ ಇಲ್ಲೇ ಇರು. ಮಳೆ ಬಂದ್ರೆ ಸಡಿಲ ಬಿಡು, ಬಿಸಿಲು ಬಂದ್ರೆ ಎಳಿ" ಎಂದ. ನನಗೆ ಅಳುವೇ ಬಂತು.

ನಾಲ್ಕು ಗಂಟೆಗೆ ಹೆಂಡತಿ ಹೊಸ ಸೀರೆಯುಟ್ಟು ಬಂದಳು. ನಡೆದದ್ದೆಲ್ಲ ಹೇಳಿದೆ. ನನ್ನ ಕೈಯಿಂದ ಟಿಕೆಟ್ಟು ಕಿತ್ತುಕೊಂಡು ಒಳಗೆ ಹೋದಳು. ಬ್ಯಾಂಡು ಶುರುವಾಯಿತು, ಚಪ್ಪಾಳೆ ಬಿತ್ತು. ನಾನು ತುಂತುರಿನಲ್ಲಿ ಗೂಟ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದೆ.

ಸ್ವಲ್ಪ ಹೊತ್ತಿಗೆ ನನ್ನ ಪಕ್ಕದ ಪರದೆಯ ಅಂಚು ಮೇಲೆದ್ದಿತು. ಮುಂದಿನ ಕುರ್ಚಿ ಬಿಟ್ಟು ಅವಳು ಅಲ್ಲಿ ನೆಲದ ಮೇಲೆ ಕೂತಿದ್ದಳು.

"ತಲೆ ಒಳಕ್ಕಾಕು. ಉಯ್ಯಾಲೆ ಆಟ ಶುರುವಾಗ್ತೈತೆ."

ಕೈಯಲ್ಲಿ ಹಗ್ಗ, ಬೆನ್ನ ಮೇಲೆ ಮಳೆ, ತಲೆಯೊಂದು ಡೇರೆಯೊಳಗೆ. ಮೇಲೆ ಒಬ್ಬಳು ಕೈಬಿಟ್ಟು ಹಾರಿದಳು. ಹೆಂಡತಿ ಗಾಬರಿಗೆ ನನ್ನ ಕಿವಿಯನ್ನೇ ಹಿಡಿದುಕೊಂಡಳು.

"ಸಡಿಲ ಬಿಡೇ, ನೋಯ್ತೈತೆ" ಎಂದೆ.

"ಸುಮ್ಕಿರು, ಮಳೆ ಬತ್ತೈತೆ, ಬಿಗಿಯೇ ಆಗೋದು" ಎಂದಳು, ಮೇಲಿಟ್ಟ ಕಣ್ಣು ಕೀಳದೆ.