ಗಿಣ್ಣದ ಬಣ್ಣದ ಗೌರಿ

ಹೋದ ದಸರೆಯವರೆಗೆ ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಬಳಪದ ತುಂಡು ಇರುತ್ತಿತ್ತು. ಹೆಂಡತಿ ಸುಮಿತ್ರೆ ಅಂಗಿ ಒಗೆಯಲು ಹಾಕುವ ಮುನ್ನ ಜೇಬು ತಡಕಿ ಅದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು, ನಾನು ಇನ್ನೊಂದು ಅಂಗಿ ತೊಟ್ಟು ಅದನ್ನು ಮತ್ತೆ ಜೇಬಿಗಿಳಿಸುತ್ತಿದ್ದೆ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಕೆಲವರು ಜೇಬಿನಲ್ಲಿ ದೇವರ ಪಟ ಇಟ್ಟುಕೊಳ್ಳುತ್ತಾರೆ, ಕೆಲವರು ಅಡಿಕೆ ಚೂರು. ನನ್ನದು ಬಳಪ.

ಇಷ್ಟಕ್ಕೇ ಬಿಟ್ಟರೆ ನೀವು ನನ್ನನ್ನು ಶಾಲೆಯ ಮಾಸ್ತರನೆಂದು ತಿಳಿದೀರಿ. ನಾನು ಮರಾಠಿ ಸೀಮೆಯ ಆಕುರ್ಡಿಯ ಒಂದು ಮೋಟಾರು ಕಾರ್ಖಾನೆಯಲ್ಲಿ, ಬಣ್ಣದ ವಿಭಾಗದ ತಪಾಸಣೆಗಾರನಾಗಿ ಮೂವತ್ತು ವರ್ಷ ಕಳೆದವನು. ಬೇರೆಯವರು ಬಣ್ಣ ಹೊಡೆಯುತ್ತಿದ್ದರು. ನಾನು ಟ್ಯೂಬ್‌ಲೈಟುಗಳ ಸಾಲಿನ ಕೆಳಗೆ ಕತ್ತು ಓರೆ ಮಾಡಿ ನಿಂತು, ಎಲ್ಲಿ ಧೂಳಿನ ಕಣ ಕೂತಿದೆ, ಎಲ್ಲಿ ಹನಿ ಇಳಿದಿದೆ, ಎಲ್ಲಿ ಯಾರ ಬೆರಳು ತಾಗಿದೆ ಎಂದು ಹುಡುಕಿ, ಅದರ ಸುತ್ತ ಕೆಂಪು ಬಳಪದಿಂದ ಒಂದು ಸೊನ್ನೆ ಸುತ್ತುತ್ತಿದ್ದೆ. ಸೊನ್ನೆ ಬಿದ್ದ ಬಾಗಿಲು ನಾಪಾಸು, ಉಜ್ಜಿ ಮತ್ತೆ ಹೊಡೆಯಬೇಕು. ಅಷ್ಟು ವರ್ಷದಲ್ಲಿ ನಾನು ಸ್ವಂತ ಕೈಯಿಂದ ಒಂದು ಸ್ಟೂಲಿಗೂ ಬಣ್ಣ ಬಳಿದವನಲ್ಲ. ದೋಷ ಹುಡುಕುವ ಕಸುಬಿನ ದೊಡ್ಡ ಅನುಕೂಲವೇ ಅದು: ಏನನ್ನೂ ಮಾಡದವನ ಕೆಲಸದಲ್ಲಿ ಯಾರೂ ದೋಷ ಹುಡುಕಲಾರರು. ಅನನುಕೂಲವೂ ಒಂದಿದೆ. ಸಂಜೆ ಐದಕ್ಕೆ ಕಾರ್ಖಾನೆಯ ಗೇಟು ಮುಚ್ಚಿದರೂ ಕಣ್ಣು ಮುಚ್ಚುವುದಿಲ್ಲ. ಮದುವೆಮನೆಗೆ ಹೋದರೆ ಮಂಟಪ ಎಡಕ್ಕೆ ವಾಲಿದ್ದು ಕಾಣುತ್ತದೆ, ತಟ್ಟೆಗೆ ರೊಟ್ಟಿ ಬಿದ್ದರೆ ಅದರ ಅಂಚಿನ ಸುಟ್ಟ ಚುಕ್ಕೆಯೇ ಮೊದಲು ಕಾಣುತ್ತದೆ. ಚುಕ್ಕೆ ತೋರಿಸಿದವರಿಗೆ ಎರಡನೆಯ ರೊಟ್ಟಿ ಇಲ್ಲ ಎಂಬುದು ನಮ್ಮ ಮನೆಯ ಹಳೆಯ ಕಾನೂನು.

ಪಕ್ಕದ ನಿಗಡಿಯ ಪ್ರಾಧಿಕರಣ ಬಡಾವಣೆಯಲ್ಲಿ ನಮ್ಮ ಪುಟ್ಟ ಮನೆಗೆ ಅಂಟಿಕೊಂಡು ಒಂದು ತಗಡಿನ ಶೆಡ್ಡಿದೆ. ಅದರಲ್ಲಿ ನಮ್ಮ ಮಾವನವರ ಕಾರು ನಿಂತಿದೆ: ಗುಂಡು ಮೂತಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಮೂವರು ಒತ್ತಿ ಕೂರಬಹುದಾದ ಉದ್ದನೆಯ ಸೀಟು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ‘ನಮ್ಮ ಸೋದರಮಾವನ ಹತ್ತಿರವೂ ಒಂದಿತ್ತು’ ಎಂದು ಆರಂಭಿಸುತ್ತೀರಿ, ಆಮೇಲೆ ಈ ಪ್ರಬಂಧ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಮಾವನವರು ಬೆಳಗಾವಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ಬಣ್ಣಗಳಿಗೆ ಅವರ ಹತ್ತಿರ ಅವರದೇ ಹೆಸರುಗಳಿದ್ದವು. ಈ ಕಾರಿನ ಮೂಲ ಬಣ್ಣ ಅವರ ಲೆಕ್ಕದಲ್ಲಿ ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಗಿಣ್ಣದ ಬಣ್ಣ. ಈದ ಆಕಳಿನ ಮೊದಲ ಹಾಲಿಗೆ ಬೆಲ್ಲ ಹಾಕಿ ಬೇಯಿಸಿದಾಗ ಬರುವ ಬಣ್ಣ. ಹಾಗಾಗಿ ಕಾರಿಗೂ ಆಕಳಿನ ಹೆಸರನ್ನೇ ಇಟ್ಟು ಗೌರಿ ಎಂದು ಕರೆಯುತ್ತಿದ್ದರು.

ಹದಿನೈದು ವರ್ಷದ ಹಿಂದೆ, ಅತ್ತೆಯವರು ತೀರಿಕೊಂಡ ಮೇಲೆ, ಮಾವನವರು ಗೌರಿಯ ಸಮೇತ ನಮ್ಮ ಮನೆಗೆ ಬಂದರು. ಬಣ್ಣ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ನಾನು ಬಹಳ ಉತ್ಸಾಹದಿಂದ, ಯಾರನ್ನೂ ಕೇಳದೆ, ಅದನ್ನು ಒಂದು ಗ್ಯಾರೇಜಿಗೆ ಒಯ್ದು ಬೂದು ಬಣ್ಣ ಹೊಡೆಸಿಕೊಂಡು ಬಂದೆ. ಬೂದು ಬಣ್ಣದಲ್ಲಿ ಧೂಳು ಕಾಣುವುದಿಲ್ಲ, ಗೀರು ಕಾಣುವುದಿಲ್ಲ, ತಪಾಸಣೆಗಾರನ ಮನಸ್ಸಿಗೆ ಅದಕ್ಕಿಂತ ನೆಮ್ಮದಿಯ ಬಣ್ಣ ಇನ್ನೊಂದಿಲ್ಲ. ಮಾವನವರು ಒಂದು ಸುತ್ತು ಹಾಕಿ ನೋಡಿ, “ಛಲೋ ಆಗೇದ್ರಿ, ಅಳಿಯಂದ್ರ” ಎಂದರು. ಅಂದಿನಿಂದ ಅವರು ಹಿಂದಿನ ಸೀಟಿನಲ್ಲಿ ಕೂರತೊಡಗಿದರು. ವಯಸ್ಸಾದವರಿಗೆ ಹಿಂದೆ ಕಾಲು ಚಾಚಲು ಆರಾಮ ಎಂದು ನಾನು ತಿಳಿದೆ. ಅವರು ಮತ್ತೆ ಗೌರಿ ಎಂದದ್ದನ್ನು ನಾನು ಕೇಳಲಿಲ್ಲ, ‘ಆ ಗಾಡಿ’ ಎನ್ನುತ್ತಿದ್ದರು. ಅದನ್ನೂ ನಾನು ಗಮನಿಸಲಿಲ್ಲ. ಕಾಗದದ ದಪ್ಪದ ದೋಷವನ್ನು ಹತ್ತು ಅಡಿಯಿಂದ ಕಾಣುವವನಿಗೆ ಇದು ಹದಿನೈದು ವರ್ಷ ಕಾಣಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಾವನವರ ಕಣ್ಣು ಪರೀಕ್ಷೆಯಾಯಿತು. ನೋಟದ ನಡುಮಧ್ಯದಲ್ಲಿ ಒಂದು ಕಪ್ಪು ಕಲೆ ಬೆಳೆಯುತ್ತಿದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ, ಅಲ್ಲಿಯೂ ಬಣ್ಣ ತಿಳಿಯುವುದು ಇನ್ನು ಕೆಲವೇ ತಿಂಗಳಿರಬಹುದು ಎಂದರು ಡಾಕ್ಟರು. ಮನೆಗೆ ಬಂದು ರೊಟ್ಟಿ ಬಡಿಯುತ್ತ ಸುಮಿತ್ರೆ, ನನ್ನ ಕಡೆ ನೋಡದೆ, ಹೇಳಿದಳು: “ಅಪ್ಪ ಗಾಡ್ಯಾಗ ಮುಂದ ಯಾಕ ಕೂಡಂಗಿಲ್ಲ, ಗೊತ್ತದ ಏನ್ರಿ? ಮುಂದ ಕೂತರ ಬಾನೆಟ್ ಕಾಣ್ತದ. ಆ ಬೂದಿ ಬಣ್ಣ ಅವರಿಗೆ ನೋಡ್ಲಿಕ್ಕೆ ಆಗಂಗಿಲ್ಲ.”

“ಇಷ್ಟು ವರ್ಷ ಯಾಕ ಹೇಳ್ಲಿಲ್ಲ?”

“ಅಳಿಯಂದ್ರಿಗೆ ಬ್ಯಾಸರ ಆಗ್ತದ, ಹೇಳಬ್ಯಾಡ ಅಂದಿದ್ರು.”

ನನಗೆ ನಾಚಿಕೆಯಾಯಿತು. ಆ ದಿನ ರೊಟ್ಟಿಯಲ್ಲಿ ಚುಕ್ಕೆ ಇತ್ತೋ ಇಲ್ಲವೋ ನೆನಪಿಲ್ಲ. ದಸರೆಯ ಆಯುಧಪೂಜೆಯ ದಿನವಾದ ಖಂಡೇನವಮಿಯ ಒಳಗೆ, ಅವರ ಕಣ್ಣಿನ ಅಂಚಿನಲ್ಲಿ ಇನ್ನೂ ಬಣ್ಣ ಉಳಿದಿರುವಾಗಲೇ, ಗೌರಿಗೆ ಅವಳ ಬಣ್ಣ ಮರಳಿ ಬರಬೇಕೆಂದು ನಿಶ್ಚಯಿಸಿದೆ. ಈ ಸಲ ನಮ್ಮ ಶೆಡ್ಡಿನಲ್ಲೇ, ನನ್ನ ಕಣ್ಣೆದುರೇ.

ಬಣ್ಣ ಹೊಡೆಯಲು ನನಗೆ ಗೊತ್ತಿದ್ದ ಅತ್ಯುತ್ತಮ ಕೈ ಸಲೀಂ ಭಾಯಿಯದು. ಮೂಲ ವಿಜಾಪುರದವರು, ಈಗ ಯೆರವಡಾದಲ್ಲಿ ಮನೆ, ನಮ್ಮದೇ ಕಾರ್ಖಾನೆಯಲ್ಲಿ ಸ್ಪ್ರೇ ಗನ್ ಹಿಡಿದು ನಿವೃತ್ತರಾದವರು. ನಾನು ಮೂವತ್ತು ವರ್ಷ ಯಾರ ಕೆಲಸದ ಮೇಲೆ ಅತಿ ಹೆಚ್ಚು ಸೊನ್ನೆ ಸುತ್ತಿದ್ದೆನೋ ಅವರೇ ಇವರು. ಮನೆ ಹುಡುಕಿಕೊಂಡು ಹೋಗಿ ವಿಷಯ ತಿಳಿಸಿದಾಗ ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, “ಹಿರ್ಯಾರ ಕಣ್ಣಿನ ಮಾತಂತ ಬರ್ತೀನಿ ಸಾಹೇಬ್ರ. ಆದ್ರ ಆ ಬಳಪ ಮನ್ಯಾಗ ಇಡ್ರಿ” ಎಂದರು. ನಾನು ಒಪ್ಪಿದೆ. ಕೆಲಸ ನಡೆಯುವುದೇ ನನ್ನ ಮನೆಯಲ್ಲಾದ್ದರಿಂದ, ಬಳಪ ಜೇಬಿನಲ್ಲಿದ್ದರೂ ಮನೆಯಲ್ಲೇ ಇದ್ದಂತಾಯಿತು ಎಂಬುದು ನನ್ನ ಲೆಕ್ಕಾಚಾರ.

ಮಳೆಗಾಲವೆಲ್ಲ ನಾನು ಬೂದು ಬಣ್ಣವನ್ನು ಉಜ್ಜಿದೆ. ನೀರು ಹಾಕಿ, ಪಾಲಿಶ್ ಪೇಪರ್ ಹಿಡಿದು, ಬೆರಳ ತುದಿ ಸುಕ್ಕುಗಟ್ಟುವವರೆಗೆ ಉಜ್ಜುವುದು. ತಗ್ಗಿಗೆ ಪುಟ್ಟಿ ತುಂಬಿ, ಅದು ಒಣಗಿದ ಮೇಲೆ ಅದನ್ನೂ ಉಜ್ಜುವುದು. ಇನ್ನೊಬ್ಬರು ಉಜ್ಜಬೇಕೆಂದು ಸೊನ್ನೆ ಸುತ್ತಲು ಎಷ್ಟು ಹೊತ್ತು ಬೇಕು, ಸ್ವತಃ ಉಜ್ಜಲು ಎಷ್ಟು ಹೊತ್ತು ಬೇಕು ಎಂಬುದರ ಅಂತರ ನನ್ನ ಭುಜಕ್ಕೆ ಆಗ ತಿಳಿಯಿತು. ತಲೆಗೆ ತಿಳಿಯಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು. ಹಿಂದಿನ ಸೀಟನ್ನು ಕಿತ್ತಾಗ ಅದರ ಅಡಿಯಲ್ಲಿ, ಗ್ಯಾರೇಜಿನವರು ಸೋಮಾರಿತನದಿಂದ ಬಿಟ್ಟಿದ್ದ ಅಂಗೈಯಗಲದ ಜಾಗದಲ್ಲಿ, ಮೂಲ ಬಣ್ಣ ಹಾಗೇ ಉಳಿದಿತ್ತು. ಕೆಟ್ಟ ಕೆಲಸವನ್ನು ನಾನು ಮನಸಾರೆ ಹೊಗಳಿದ್ದು ಅದೇ ಮೊದಲು.

ಬಣ್ಣ ಆರಿಸಲು ಮಾವನವರನ್ನು ಕ್ಯಾಂಪ್ ಪೇಟೆಯ ಒಂದು ಹಳೆಯ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಬಣ್ಣದ ಪಟ್ಟಿಗಳನ್ನು ಒಂದೊಂದಾಗಿ ಎದುರಿಗೆ ಹಿಡಿದ; ಇವರು ಪಟ್ಟಿ ಬಿಟ್ಟು ಅವನ ಕಿವಿಯನ್ನೇ ದಿಟ್ಟಿಸಿದರು. ನಡುವಿನಲ್ಲಿ ಕಲೆ ಇರುವುದರಿಂದ, ಯಾವುದನ್ನು ನೋಡಬೇಕೋ ಅದರಿಂದ ಮುಖ ತಿರುಗಿಸಿದರೆ ಮಾತ್ರ ಅವರಿಗೆ ಅದು ಕಾಣುವುದು. “ಕಾಕಾ, ಇಕಡೆ ಬಘಾ ನಾ” ಎಂದು ಮರಾಠಿಯಲ್ಲಿ ಈ ಕಡೆ ನೋಡಲು ಹೇಳುತ್ತ ಅವನು ಪಟ್ಟಿ ಅಲ್ಲಾಡಿಸಿದಷ್ಟೂ ಇವರ ದೃಷ್ಟಿ ಕಿವಿಯಲ್ಲೇ ನೆಟ್ಟಿತು. ಹತ್ತನೆಯದೋ ಹನ್ನೊಂದನೆಯದೋ ಪಟ್ಟಿ ಬಂದಾಗ, “ಇದಽ ರೀ ಗಿಣ್ಣ” ಎಂದರು. ಸೀಟಿನ ಅಡಿಯಿಂದ ಕೆರೆದು ತಂದಿದ್ದ ಹಳೆಯ ಬಣ್ಣದ ಹಕ್ಕಳೆಯೊಡನೆ ಹೋಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಂಗಡಿಯವನು ಮಾತ್ರ ನಾವು ಹೊರಡುವವರೆಗೂ ಆಗಾಗ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಬಿಸಿಲು ಬಿದ್ದ ಮೊದಲ ದಿನ ಸಲೀಂ ಭಾಯಿ ಕಂಪ್ರೆಸರ್ ತಂದರು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಸುಮಿತ್ರೆಯ ಹಳೆಯ ಸೀರೆಗಳನ್ನು ನಾಲ್ಕೂ ಕಡೆ ಪರದೆ ಕಟ್ಟಿದೆವು. ಆ ಸೀರೆಗಳ ನಡುವೆ ನಿಂತು ಅವರು ಗನ್ ಹಿಡಿದ ಕೈಯನ್ನು ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಆಚೆಯಿಂದೀಚೆ ತರುವುದನ್ನು ನಾನು ಮೊದಲ ಬಾರಿಗೆ ನೋಡಿದೆ. ನನ್ನ ಎದುರಿಗೆ ಯಾವಾಗಲೂ ಮುಗಿದ ಕೆಲಸ ಬರುತ್ತಿತ್ತೇ ಹೊರತು ಕೆಲಸ ಮಾಡುವ ಕೈ ಬಂದಿರಲಿಲ್ಲ. ಬಹಳ ಚೆಂದದ ಕೈ ಅದು. ಹಾಗೆಂದು ಅವರಿಗೆ ಹೇಳಬೇಕೆನ್ನುವಷ್ಟರಲ್ಲಿ ಬಾನೆಟ್ಟಿನ ಮೇಲೆ ಒಂದು ಧೂಳಿನ ಕಣ ಕಾಣಿಸಿತು.

ಬಣ್ಣ ಒಣಗಿದ ಮೇಲೆ ಸೊನ್ನೆ ಸುತ್ತಿದೆ. ಸಲೀಂ ಭಾಯಿ ಉಜ್ಜಿ, ಬಾನೆಟ್ಟಿಗೆ ಇನ್ನೊಮ್ಮೆ ಹೊಡೆದರು. ಎರಡು ಸೊಳ್ಳೆ ಬಂದು ಕೂತವು, ಎರಡು ಸೊನ್ನೆ. ಆಮೇಲೆ ಮೂರು ದಿನ ಮಳೆ. ಮಳೆ ನಿಂತಾಗ ಅವರು ಗನ್ನನ್ನು ಸ್ಟೂಲಿನ ಮೇಲಿಟ್ಟು, “ಸಾಹೇಬ್ರ, ಹಿರ್ಯಾರ ಕಣ್ಣು ನಿಮ್ಮ ಸೊನ್ನಿ ಮುಗಿಯೂತನಕ ಕಾಯ್ತದೇನ್ರಿ?” ಎಂದರು. ನಾನು ಉಜ್ಜುವ ಕಾಗದ ತಂದುಕೊಟ್ಟೆ. ಮೂರನೆಯ ಸಲ ಬಾನೆಟ್ಟು ಕನ್ನಡಿಯಾಯಿತು. ಪೂರ್ತಿ ಗಟ್ಟಿಯಾಗಲು ಎಂಟು ದಿನ ಬೇಕು. ಖಂಡೇನವಮಿಗೆ ಇದ್ದದ್ದು ನಾಲ್ಕು. ನಾನು ರಟ್ಟಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ‘ಮುಟ್ಟಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ಶೆಡ್ಡಿಗೆ ತೂಗುಹಾಕಿದೆ. ಮನೆಯಲ್ಲಿ ಆ ಫಲಕವನ್ನು ಓದಲಾಗದವರು ಒಬ್ಬರೇ, ಅವರೇ ಪ್ರತಿವರ್ಷ ಗೌರಿಯ ಪೂಜೆ ಮಾಡುವವರು ಎಂಬುದು ನನ್ನ ತಪಾಸಣೆಗೆ ಸಿಗಲಿಲ್ಲ.

ಖಂಡೇನವಮಿಯ ಬೆಳಿಗ್ಗೆ ನಾನೂ ಸುಮಿತ್ರೆಯೂ ಏಳುವಷ್ಟರಲ್ಲಿ ಮಾವನವರು ಸ್ನಾನ ಮಾಡಿ, ಮಡಿ ಉಟ್ಟು, ಪೂಜೆಯ ತಾಟು ಹಿಡಿದು ಶೆಡ್ಡಿನಲ್ಲಿದ್ದರು. ಬಾನೆಟ್ಟಿನ ನಡು ಎಲ್ಲಿದೆ ಎಂದು ಗೊತ್ತಾಗಲು ಎಡಗೈಯನ್ನು ಅಗಲಿಸಿ ಅದರ ಮೇಲೆ ಊರಿ, ಬಲಗೈಯ ಬೆರಳಿನಿಂದ ಎಣ್ಣೆಯಲ್ಲಿ ಕಲಸಿದ ಕುಂಕುಮದ ಸ್ವಸ್ತಿಕ ಬರೆಯುತ್ತಿದ್ದರು. ನಾನು ಕೂಗಲು ಬಾಯಿ ತೆರೆದೆ. ಸುಮಿತ್ರೆ ನನ್ನ ರಟ್ಟೆ ಹಿಡಿದಳು. ಅವರು ಕೈ ಎತ್ತಿದಾಗ ಅಂಗೈ ಅಲ್ಲೇ ಉಳಿಯಿತು, ಐದು ಬೆರಳು, ರೇಖೆಗಳ ಸಮೇತ. ಪಕ್ಕದಲ್ಲಿ ಸ್ವಸ್ತಿಕ, ಸ್ವಲ್ಪ ಎಡಕ್ಕೆ ವಾಲಿ, ಬಣ್ಣದೊಳಕ್ಕೇ ಇಳಿದು ಕೂತಿತ್ತು. ನನ್ನ ಸೊನ್ನೆಗಳಿಲ್ಲದಿದ್ದರೆ ಆ ಬಾನೆಟ್ಟು ಅಷ್ಟರೊಳಗೆ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು.

ಹೆಜ್ಜೆಯ ಸಪ್ಪಳ ಕೇಳಿ ಅವರು ತಿರುಗಿದರು. “ಅಳಿಯಂದ್ರ, ಇನ್ನ ನೋಡ್ತೀನ್ರಿ” ಎಂದು, ಕಾರಿನ ಕಡೆಯಿಂದ ಮುಖ ತಿರುಗಿಸಿ ಅಂಗಳದ ಪೇರಲ ಗಿಡವನ್ನು ದಿಟ್ಟಿಸುತ್ತ ನಿಂತರು. ಎಷ್ಟು ಹೊತ್ತೋ. ಪೇರಲ ಗಿಡವನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಾರರು. ಆಮೇಲೆ ಮೆಲ್ಲಗೆ, “ಗೌರಿ ಬಂದ್ಲು” ಎಂದರು.

“ಪಾಸೇನ್ರಿ?” ಎಂದು ಅವರೇ ಕೇಳಿದರು.

“ಪಾಸ್ ರೀ, ಮಾವನವರ” ಎಂದೆ.

ಹಬ್ಬದೂಟಕ್ಕೆಂದು ಬಂದ ಸಲೀಂ ಭಾಯಿ ಬಾನೆಟ್ಟು ನೋಡಿ, ನನ್ನನ್ನು ನೋಡಿ, ನನ್ನ ಜೇಬನ್ನು ನೋಡಿದರು. “ಇಷ್ಟ ದೊಡ್ಡ ಸೊನ್ನಿಗೆ ಬಳಪ ಸಾಲ್ತದೇನ್ರಿ, ಸಾಹೇಬ್ರ?” ಆ ಹೊತ್ತಿಗೆ ಸುಮಿತ್ರೆ ನಟ್ಟು ಬಿಗಿಯುವ ಪಾನಾ, ಸ್ಕ್ರೂಡ್ರೈವರು, ಸ್ಪ್ರೇ ಗನ್ನು, ತನ್ನ ಈಳಿಗೆಮಣೆ ಎಲ್ಲವನ್ನೂ ಒಂದು ಮಣೆಯ ಮೇಲೆ ಜೋಡಿಸಿದ್ದಳು. ಈ ದಿನ ದುಡಿಯುವ ಹತ್ಯಾರಗಳಿಗೆ ಪೂಜೆ, ಪೂಜೆಗಿಟ್ಟ ಹತ್ಯಾರವನ್ನು ಅಂದು ಯಾರೂ ಮುಟ್ಟುವಂತಿಲ್ಲ. “ನಿಮ್ಮ ಹತ್ಯಾರ ಎಲ್ಲದ?” ಎಂದು ಕೇಳಿದಳು. ಜೇಬಿನಿಂದ ಬಳಪ ತೆಗೆದು ಗನ್ನಿನ ಪಕ್ಕದಲ್ಲಿಟ್ಟೆ. ಅದಕ್ಕೂ ಒಂದು ಚಿಟಿಕೆ ಅರಿಷಿಣ ಕುಂಕುಮ, ಒಂದು ಚೆಂಡುಹೂ ಬಿತ್ತು. ಉಳಿದ ಹತ್ಯಾರಗಳು ಮರುದಿನ ಕೆಲಸಕ್ಕೆ ಮರಳಿದವು. ಬಳಪ ಕಿಟಕಿಯ ಕಟ್ಟೆಯ ಮೇಲೆ ಒಣಗಿದ ಹೂವಿನ ಸಮೇತ ಈಗಲೂ ಇದೆ. ಅಂಗಿ ಬದಲಿಸುವಾಗ ಅದನ್ನು ನೋಡುತ್ತೇನೆ, ಅದು ಅಲ್ಲೇ ಇರುತ್ತದೆ.

ಅಂದು ಊಟವಾದ ಮೇಲೆ ಗೌರಿಯನ್ನು ಹೊರಗೆ ತೆಗೆದೆ. ಮಾವನವರು ಕೈಯಿಂದ ತಡವುತ್ತ ಬಂದು ಹಿಂದಿನ ಬಾಗಿಲನ್ನು ದಾಟಿ, ಮುಂದಿನ ಬಾಗಿಲು ತೆರೆದು ನನ್ನ ಪಕ್ಕ ಕೂತರು. ನಿಗಡಿಯಿಂದ ಆಕುರ್ಡಿಯವರೆಗೆ ಹೋಗಿ ಬರುವಷ್ಟೂ ದಾರಿ ಅವರು ಮುಖವನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ, ರೆಪ್ಪೆ ಮಿಟುಕಿಸದೆ ನನ್ನ ಕಿವಿಯನ್ನೇ ನೋಡುತ್ತಿದ್ದರು. ನಾನು ಕಿವಿ ಅಲ್ಲಾಡಿಸದೆ ಗಾಡಿ ಓಡಿಸಿದೆ.