ಹಿತ್ತಲ ಓಣಿಗೆ ಬಿಟ್ಟ ನೀರು

1984ರಲ್ಲಿ ನಾನು ಗುಲಬರ್ಗಾದ ಒಂದು ಯಂತ್ರ ದುರಸ್ತಿ ಅಂಗಡಿಯಲ್ಲಿ ಬಾಯ್ಲರ್ ಫಿಟರ್ ಆಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೆಲಸ ನನ್ನ ಪಾಲಿಗಿತ್ತು. ಹೆಚ್ಚಿನವು ಎಣ್ಣೆ ಗಿರಣಿಗಳು, ಗಾಣಗಾಪುರದ ಲಾಡ್ಜುಗಳು. ವಾಸದ ಮನೆಯೊಳಗೆ ಉಗಿ ಬಾಯ್ಲರ್ ಕೂಡಿಸಿದ್ದು ಒಂದೇ ಸಲ, ಆಳಂದದಲ್ಲಿ.

ಮನೆ ಡಾಕ್ಟರ್ ಸುಮಿತ್ರಾಬಾಯಿಯವರದು. ಹಿಂದಿನ ಭಾಗದಲ್ಲಿ ವಾಸ, ಮುಂದಿನ ಎರಡು ಖೋಲಿಗಳಲ್ಲಿ ಹೆರಿಗೆ ಆಸ್ಪತ್ರೆ. ಶಸ್ತ್ರಕ್ರಿಯೆಯ ಸಾಮಾನುಗಳನ್ನು ಉಗಿಯ ಶಾಖದಿಂದ ಶುದ್ಧ ಮಾಡುವ ಉಕ್ಕಿನ ಪೆಟ್ಟಿಗೆಗೆ ಆಟೋಕ್ಲೇವ್ ಎನ್ನುತ್ತಾರೆ. ಅದಕ್ಕೆ ಉಗಿ ಒದಗಿಸಲು ಈ ಸಣ್ಣ ಬಾಯ್ಲರ್. ಕೆಲಸ ಮುಗಿಸಿದ ಉಗಿ ಮತ್ತೆ ನೀರಾಗುತ್ತದೆ, ಅದೇ ಕಂಡೆನ್ಸೇಟ್. ಅದನ್ನು ಕೂಡಲೇ ಹೊರಗೆ ಹಾಕದಿದ್ದರೆ ಪೆಟ್ಟಿಗೆಯ ಸುತ್ತ ನಿಂತು ಶಾಖ ಏರಲು ಬಿಡುವುದಿಲ್ಲ.

ಇಲ್ಲೊಂದು ಪೇಚಿತ್ತು. ಓಣಿಗೆ ಸಲ ಸಲಕ್ಕೂ ಹಳೆಯ ಫರಸಿ ಕಲ್ಲಿನ ಮೇಲೆಯೇ ಹೊಸ ಫರಸಿ ಹಾಸಿ, ಮನೆಯ ನೆಲ ಓಣಿಗಿಂತ ಎರಡಡಿ ಕೆಳಗಾಗಿತ್ತು. ನೀರು ತಾನಾಗಿ ಹತ್ತುತ್ತದೆಯೇ? ಅದಕ್ಕೇ ಒಂದು ತೊಟ್ಟಿ, ಅದು ತುಂಬಿದಾಗ ತಾನೇ ಶುರುವಾಗುವ ಪಂಪು, ಮುಕ್ಕಾಲು ಇಂಚಿನ ಇಪ್ಪತ್ತೆರಡು ಅಡಿ ಕಬ್ಬಿಣದ ಪೈಪು ಜೋಡಿಸಿದೆ. ಹಿತ್ತಲ ಗೋಡೆಯಿಂದ ಪೈಪಿನ ಬಾಯಿ ಓಣಿಯ ಗಟಾರದ ಕಡೆಗೆ ಹೊರಬಂತು. ಬಾಯ್ಲರಿಗೆ ಬೆಂಕಿ ಹಾಕುವ ಮೊದಲೇ ತೊಟ್ಟಿಗೆ ತಣ್ಣೀರು ಸುರಿದು ಪಂಪು ನಡೆಸಿ ನೋಡಿದೆ. ಚೊಕ್ಕ ಬಂತು. ಬಾಯ್ಲರ್ ಹತ್ತಿಸಿ, ಒತ್ತಡ ಸರಿಯಿದೆಯೆಂದು ಬರೆದುಕೊಟ್ಟು ಬಸ್ಸು ಹತ್ತಿದೆ.

ಎಂಟು ದಿನ ಬಿಟ್ಟು ತಪಾಸಣೆಗೆಂದು ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರೆ ಬಾಯ್ಲರ್ ಖೋಲಿಯಲ್ಲಿ ಪಾದ ಮುಳುಗುವಷ್ಟು ನೀರು. ಪಂಪು ಗುಂಯ್‌ಗುಡುತ್ತಿದೆ, ತೊಟ್ಟಿ ಉಕ್ಕುತ್ತಿದೆ, ಆಟೋಕ್ಲೇವಿನ ಶಾಖ ತೋರಿಸುವ ಮುಳ್ಳು ಏರುತ್ತಿಲ್ಲ. ಒಳಗೆ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ ಕೂಸು ಅಡ್ಡವಾಗಿತ್ತು.

"ಹೊಟ್ಟಿ ಕೊಯ್ದ ತಗೀಬೇಕ್ರಿ," ಎಂದರು ಡಾಕ್ಟರು. "ಗುಲಬರ್ಗಾ ಮುಟ್ಟೂತನ ತಡ್ಯಾಂಗಿಲ್ಲ ಆಕಿ. ಒಂದ್ ತಾಸಿನ್ಯಾಗ ಸಾಮಾನ ಕೊಡ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಪಂಪು ನಿಲ್ಲಿಸಿ ಓಣಿಗೆ ಓಡಿದೆ. ಪೈಪಿನ ಬಾಯಿಗೆ ಅರಿವೆ ಸುತ್ತಿದ ಜಾಲಿ ಗೂಟ ಬಡಿದಿತ್ತು. ನನ್ನ ಹಿಂದೆ ಬಂದ ಆಯಾ ಕಾಶಮ್ಮ, "ಬಾಜೂ ಮನಿ ಶರಣಪ್ಪನೋರದ ಕೆಲಸ್ರಿ. ನೀರು ಬಂದ್ ಮಾಡ್ರಿ ಅಂತ ಎರಡ್ ಸಲ ಅಂದಿದ್ರು. ಬಾಣಂತಿ ನೀರಂತ ಮೈಲಿಗಿ ಆಗಿರಬೇಕು," ಎಂದಳು.

ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯಲ್ಲಿ ಹೆರಿಗೆಯಾದರೆ ಹತ್ತು ದಿನ ಪುರುಡು ಹಿಡಿಯುತ್ತಿದ್ದೆವು. ಹಾಗಾಗಿ ಕಾಶಮ್ಮನ ಮಾತು ನಂಬಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಜವಳಿ ವ್ಯಾಪಾರಿ ಶರಣಪ್ಪನವರ ಬಾಗಿಲು ಬಡಿದೆ. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಆ ಮನುಷ್ಯ ಹೊರಗೆ ಬಂದದ್ದೇ ತಡ, ಉಗಿಯ ನೀರು ಬಾವಿಯ ನೀರಿಗಿಂತ ಶುದ್ಧ, ಅದು ಬಾಣಂತಿಯನ್ನು ಮುಟ್ಟಿಯೇ ಇರುವುದಿಲ್ಲ, ಲಿಂಗ ಕಟ್ಟಿಕೊಂಡು ಮೈಲಿಗೆ ಎನ್ನಲು ನಾಚಿಕೆಯಾಗುವುದಿಲ್ಲವೇ ಎಂದೆಲ್ಲ ಒದರಿದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಸೂತಕ-ಗೀತಕ ನಮ್ಮ ಮನ್ಯಾಗ ಹಿಡ್ಯಾಂಗಿಲ್ರೀ ಸಾಹೇಬ್ರ. ನೀರು ಸುಡಾಕತ್ತಾವ. ನಮ್ಮವ್ವಗ ಕಣ್ಣು ಮಂಜು. ಓಣ್ಯಾಗ ಗ್ವಾಡಿ ಹಿಡಕೊಂಡು ಬರಿಗಾಲಿಲೆ ಅಡ್ಡಾಡ್ತಾಳ. ನಿನ್ನಿ ಪಾದ ಸುಟ್ಕೊಂಡಾಳ."

ಮುಖಕ್ಕೆ ಹೊಡೆದ ಹಾಗಾಯಿತು. ಒಳಗೆ ಒಬ್ಬ ಹೆಣ್ಣುಮಗಳ ಜೀವ ಹೋಗುವಂತಿದೆ ಎಂಬುದಷ್ಟೇ ತೊದಲಿದೆ.

"ಅಯ್ಯ, ಅದನ್ನ ಮೊದ್ಲ ಹೇಳಬಾರದೇನ್ರಿ?" ಎಂದು ಶರಣಪ್ಪ ಓಡಿಬಂದು ತಾವೇ ಗೂಟ ಕಿತ್ತರು. ಒಂದು ಗೋಣಿತಟ್ಟನ್ನು ಪೈಪಿನ ಬಾಯಿಗೆ ಕಟ್ಟಿ, ನೀರು ಸಿಡಿಯದೆ ನೇರ ಗಟಾರಕ್ಕೆ ಇಳಿಯುವಂತೆ ಮಾಡಿದರು. ನಾನು ಪಂಪು ಶುರು ಮಾಡಿದೆ. ತೊಟ್ಟಿ ಇಳಿಯಿತು, ಮುಳ್ಳು ಏರಿತು, ಐವತ್ತು ನಿಮಿಷಕ್ಕೆ ಸಾಮಾನು ಡಾಕ್ಟರ ಕೈ ಸೇರಿತು. ಅಷ್ಟು ಹೊತ್ತೂ ಶರಣಪ್ಪ ಅಂಗಡಿಯ ಗೊಡವೆ ಬಿಟ್ಟು, ಓಣಿಯಲ್ಲಿ ಬಂದವರನ್ನೆಲ್ಲ "ಆ ಕಡೆ ಹಾಯ್ದ ಹೋಗ್ರೀ" ಎಂದು ಸರಿಸುತ್ತ ನಿಂತಿದ್ದರು. ಹೆಣ್ಣು ಕೂಸು. ತಾಯಿಯೂ ಉಳಿದಳು. ಆಗ ನನಗೆ ಅಳು ಬಂತು; ಅದನ್ನು ಮುಚ್ಚಿಡುವುದೇಕೆ?

ಮರುದಿನ ಪೈಪನ್ನು ನೆಲದೊಳಗೆ ಇಳಿಸಿ, ಮೇಲೆ ಕಲ್ಲು ಮುಚ್ಚಿದ ಗುಂಡಿಗೆ ಸೇರಿಸಿದೆ. ನೀರು ಅಲ್ಲಿ ತಣ್ಣಗಾದ ಮೇಲಷ್ಟೇ ಗಟಾರಕ್ಕೆ ಹರಿಯುವ ವ್ಯವಸ್ಥೆ. ಆಮೇಲೆ ಕ್ಷಮೆ ಕೇಳಲು ಶರಣಪ್ಪನವರ ತಾಯಿ ನೀಲಮ್ಮನ ಬಳಿ ಹೋದೆ. ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಅಂಗಾಲಿನಿಂದ ಬೆರಳಿನವರೆಗೆ ಬೊಬ್ಬೆ ಎದ್ದಿತ್ತು.

"ತಪ್ಪಾತಬೇ ಯವ್ವ, ನೀರು ಇಷ್ಟು ಸುಡ್ತಾವಂತ ಗೊತ್ತಾಗಲಿಲ್ಲ," ಎಂದೆ.

"ನೀ ಬೂಟು ಹಾಕ್ಕೊಂಡಿದ್ದಿ, ನಿನಗ ಹೆಂಗ ಗೊತ್ತಾಗಬೇಕೋ ಯಪ್ಪಾ," ಎಂದರು ಮುದುಕಿ. ಆ ಮಾತಿನಲ್ಲಿ ಕುಹಕವಿರಲಿಲ್ಲ.

ಉಗಿಯ ಒತ್ತಡ, ಪೈಪಿನ ಉದ್ದ, ಪಂಪಿನ ಶಕ್ತಿ ಎಲ್ಲ ಅಳೆದಿದ್ದೆ. ಆ ನೀರು ಯಾರ ಕಾಲಬುಡಕ್ಕೆ ಬೀಳುತ್ತದೆಂದು ಮಾತ್ರ ನೋಡಿರಲಿಲ್ಲ. ಅಲ್ಲಿಂದ ಮುಂದೆ, ನಿವೃತ್ತನಾಗುವವರೆಗೂ, ಬಿಸಿನೀರು ಹೊರಬೀಳುವ ಪ್ರತಿಯೊಂದು ಜಾಗದಲ್ಲೂ ಬೂಟು ಬಿಚ್ಚಿ ನಿಂತು ನೋಡಿದ ಮೇಲೆಯೇ ಕೆಲಸ ಮುಗಿಯಿತೆಂದು ಸಹಿ ಹಾಕಿದ್ದೇನೆ.